ವಕೀಲಮ್ಮನ ಗೇಟು ಮತ್ತು ನಮ್ಮ ಯಜಮಾನರು

ನಮ್ಮ ಯಜಮಾನರಿಗೆ ಪೊಲೀಸ್ ಇಲಾಖೆಯವರು ಇಟ್ಟ ಹೆಸರು ಗೇಟಪ್ಪ. ಕಟ್ಟಿಕೊಂಡ ಹೆಂಡತಿ ಹೀಗೆ ಹೇಳಬಾರದು, ಆದರೆ ಆ ಹೆಸರು ಅವರಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ನಾನು ಹೊಲಿಗೆಯವಳು, ಅಳತೆಯ ವಿಷಯ ನನಗೆ ಗೊತ್ತು.

ಎತ್ತರ ನೋಡಿಯೇ ಇವರನ್ನು ಕೆಲಸಕ್ಕೆ ತೆಗೆದುಕೊಂಡರಂತೆ. ಓಡಿಸಿದರೆ ಎಲ್ಲರಿಗಿಂತ ಹಿಂದೆ. ಬಂದೂಕು ಕೊಟ್ಟರೆ ಗುರಿಹಲಗೆಯೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಗುಂಡು ತಾಗುತ್ತಿತ್ತಂತೆ. ಆದರೆ ನಿಲ್ಲಿಸಿದ ಜಾಗದಲ್ಲಿ ನಿಲ್ಲುವುದರಲ್ಲಿ ಮಾತ್ರ ಇವರನ್ನು ಮೀರಿಸುವವರು ಇರಲಿಲ್ಲ. ಹಾಗಾಗಿ ದೊಡ್ಡ ಸಾಹೇಬರ ಬಂಗಲೆಯ ಗೇಟಿಗೆ ಹಾಕಿದರು. ಸಾಹೇಬರುಗಳು ಬಂದರು, ಹೋದರು, ಬಂಗಲೆಗೆ ಎಷ್ಟೋ ಸಲ ಸುಣ್ಣ ಬಳಿದರು, ಇವರು ಮಾತ್ರ ಅದೇ ಗೇಟಿನಲ್ಲಿ ಉಳಿದರು. ನಮ್ಮ ಮದುವೆಯ ದಿನವೂ ಅಭ್ಯಾಸಬಲದಿಂದ ಬಾಗಿಲ ಬಳಿಯೇ ನಿಂತಿದ್ದರು. ಬಂದ ನೆಂಟರಲ್ಲಿ ಕೆಲವರು ಕೊಡೆ ಕೈಗೆ ಕೊಟ್ಟು, "ನೋಡ್ಕೊಳ್ಳಪ್ಪಾ, ಮದುಮಗ ಎಲ್ಲಿ?" ಅಂತ ಕೇಳಿದರು. ಇವರು ಕೊಡೆಗಳನ್ನು ಸಾಲಾಗಿ ಜೋಡಿಸಿಟ್ಟು, "ಒಳಗೆ ಹೋಗಿ, ಬರ್ತಾನೆ" ಅಂದರು. ನಮ್ಮಪ್ಪ ಅವತ್ತೇ ಹಣೆ ಚಚ್ಚಿಕೊಂಡರು.

ಅತ್ತೆಗೆ ಮಾತ್ರ ಮಗನ ಕೆಲಸ ಅಂದರೆ ಬಲು ಹೆಮ್ಮೆ. "ನನ್ನ ಮಗ ತೆಗೀಲಿಲ್ಲ ಅಂದ್ರೆ ಸಾಹೇಬ್ರು ರಾತ್ರಿಯೆಲ್ಲ ಬೀದೀಲೇ ಇರ್ಬೇಕು" ಅನ್ನುತ್ತಿದ್ದರು. ನನಗೆ ಹೆಮ್ಮೆಗಿಂತ ಮನೆ ಬೇಕಿತ್ತು. ನಮ್ಮದು ಒಂದು ಕೋಣೆಯ ಪೊಲೀಸ್ ವಸತಿ. ಅದರಲ್ಲೇ ಒಲೆ, ಅದರಲ್ಲೇ ನನ್ನ ಹೊಲಿಗೆ ಮಷೀನು, ಅದರಲ್ಲೇ ಅತ್ತೆಯ ಮಂಚ. ಇವರು ಕಾಲು ಚಾಚಿ ಮಲಗಿದರೆ ಬಾಗಿಲು ಹಾಕುವ ಹಾಗಿರಲಿಲ್ಲ. ದಫೇದಾರರಾಗಿ ತೋಳಿಗೆ ಮೂರು ಪಟ್ಟಿ ಬಿದ್ದರೆ ಎರಡು ಕೋಣೆಯ ಮನೆ ಸಿಗುತ್ತದೆ. ಆ ಪಟ್ಟಿಗಾಗಿ ನಾನು ವರ್ಷಾನುಗಟ್ಟಲೆ ಬಾಯಿಬಿಟ್ಟುಕೊಂಡು ಕಾದಿದ್ದೆ.

ಹೀಗಿರುವಾಗ ಈಜುಕೊಳದ ಗಲಾಟೆ ಶುರುವಾಯಿತು.

ಊರ ನಡುವೆ ನಗರಸಭೆಯ ಈಜುಕೊಳವಿದೆ. ಹೊರಗೆ ಫಲಕದಲ್ಲಿ 'ಸರ್ವರಿಗೂ ಪ್ರವೇಶ' ಅಂತ ದಪ್ಪಕ್ಷರದಲ್ಲಿ ಬರೆದಿದೆ. ಆದರೆ ಹಳ್ಳದ ಕೇರಿಯವರು, ಅಂದರೆ ಊರವರ ಬಟ್ಟೆ ಒಗೆದು, ಬೀದಿ ಗುಡಿಸಿ, ಚರಂಡಿ ಬಳಿಯುವ ಜನ, ಟಿಕೆಟ್ ಕಿಂಡಿಯ ಮುಂದೆ ನಿಂತರೆ ಸಾಕು, ಒಳಗಿಂದ ಒಂದೇ ಉತ್ತರ: "ಇವತ್ತು ನೀರು ಬದಲಾಯಿಸ್ತಾ ಇದೀವಿ." ಕೇರಿಯವರು ಬಂದಾಗಲೆಲ್ಲ ನೀರು ಬದಲಾಗುತ್ತಿತ್ತು. ಆ ಲೆಕ್ಕದಲ್ಲಿ ನಮ್ಮೂರ ಕೊಳದಷ್ಟು ಚೊಕ್ಕಟವಾದ ನೀರು ಭೂಮಿಯ ಮೇಲೆ ಎಲ್ಲೂ ಇರಬಾರದು! ಈ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಕೊಳದ ಗುತ್ತಿಗೆದಾರ, ಸಾಹೇಬರ ಬಂಗಲೆಗೆ ಸಂಜೆ ಹೊತ್ತು ಹೋಗಿ ಬರುವಷ್ಟು ದೊಡ್ಡ ಮನುಷ್ಯ.

ಇದನ್ನು ಪ್ರಶ್ನಿಸಿದವರು ವಕೀಲಮ್ಮ. ಐವತ್ತು ದಾಟಿದ ಒಂಟಿ ಹೆಂಗಸು, ಹಳೇ ಸ್ಕೂಟರು, ದೊಡ್ಡ ನಗು. ಪ್ರತಿ ಭಾನುವಾರ ಬೆಳಿಗ್ಗೆ ಕೇರಿಯವರನ್ನು ಕರೆದುಕೊಂಡು, ಹೆಗಲ ಮೇಲೊಂದೊಂದು ಟವೆಲ್ ಹಾಕಿಸಿ, ಟಿಕೆಟ್ ಕಿಂಡಿಯ ಮುಂದೆ ಸಾಲು ನಿಲ್ಲಿಸುತ್ತಿದ್ದರು. ಕೂಗಾಟವಿಲ್ಲ, ಧಿಕ್ಕಾರವಿಲ್ಲ. ಟಿಕೆಟ್ ಕೇಳುವುದು, ಇಲ್ಲ ಅನ್ನಿಸಿಕೊಳ್ಳುವುದು, ಮಧ್ಯಾಹ್ನದ ತನಕ ನಿಂತು ಮನೆಗೆ ಹೋಗುವುದು, ಅಷ್ಟೆ. ಒಂದು ಭಾನುವಾರ ದೊಣ್ಣೆ ಹಿಡಿದ ಒಂದಷ್ಟು ಜನ ಸಾಲಿನ ಮೇಲೆ ಬಿದ್ದರು. ವಕೀಲಮ್ಮನ ಎಡಗೈ ಮುರಿಯಿತು. ಕೇರಿಯವರ ತಲೆ, ಬೆನ್ನು, ಮೂಗು, ಸಿಕ್ಕ ಸಿಕ್ಕ ಕಡೆಯೆಲ್ಲ ಏಟು ಬಿತ್ತು.

ಸರ್ಕಾರ ಸುಮ್ಮನೆ ಕೂರಲಿಲ್ಲ, ಹೇಳಿಕೆ ಕೊಟ್ಟಿತು. 'ಎರಡು ಗುಂಪುಗಳ ನಡುವೆ ತಳ್ಳಾಟ, ಘಟನೆಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ' ಅಂತ ಪತ್ರಿಕೆಯಲ್ಲಿ ಬಂತು. ಪೆಟ್ಟು ತಿಂದವರು ಒಂದು ಗುಂಪು, ಕೊಟ್ಟವರು ಇನ್ನೊಂದು ಗುಂಪು, ಲೆಕ್ಕ ಸರಿಹೋಯಿತು. ಯಾರನ್ನೂ ಹಿಡಿಯಲಿಲ್ಲ. ಪತ್ರಿಕೆಯವರು ಬೆನ್ನು ಬಿಡದಿದ್ದಾಗ ವಕೀಲಮ್ಮನ ಮನೆಗೆ ಒಬ್ಬ ಪೊಲೀಸನ ಕಾವಲು ಕೊಟ್ಟರು. ಆ ಒಬ್ಬ ಪೊಲೀಸ್ ಯಾರು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಕಳಿಸುವಾಗ ಸಾಹೇಬರು ಹೇಳಿದ್ದು ಒಂದೇ ಮಾತು. "ಏನೇ ಆಗ್ಲಿ, ಗೇಟ್ ಬಿಟ್ಟು ಕದಲಬೇಡ. ಕದಲಿದ್ರೆ ಮನೆಗೆ ಕಳಿಸ್ತೀನಿ."

"ಮೇಡಂ ಹೊರಗೆ ಹೋದ್ರೆ, ಸಾರ್?" ಅಂತ ಇವರು ಕೇಳಿದರಂತೆ.

"ಗೇಟು ಹೊರಗೆ ಹೋಗುತ್ತೇನಯ್ಯಾ?"

"ಇಲ್ಲ ಸಾರ್."

"ನೀನೂ ಹೋಗ್ಬೇಡ."

ವಕೀಲಮ್ಮ ಇದನ್ನು ಕೇಳಿ, ಬ್ಯಾಂಡೇಜು ಹಾಕಿದ ಕೈಯನ್ನು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. "ಏಟು ಬಿದ್ದಿದ್ದು ಕೊಳದ ಹತ್ರ, ಕಾವಲು ಕೊಟ್ಟಿದ್ದು ಮನೆಗೆ. ಹಲ್ಲುನೋವು ಅಂದ್ರೆ ಮಂಡಿಗೆ ಮುಲಾಮು ಹಚ್ಚಿದ ಹಾಗಾಯ್ತು. ಬನ್ನಿ ದಫೇದಾರ್ರೇ, ಮೊದ್ಲು ಚಹಾ ಕುಡೀರಿ."

ಯಾವ ಪಟ್ಟಿಯೂ ಇಲ್ಲದವರನ್ನು ದಫೇದಾರ್ರೇ ಅಂದುಬಿಟ್ಟರಲ್ಲ, ಇವರು ಅಲ್ಲಿಗೇ ಕರಗಿಹೋದರು. ಇಷ್ಟು ವರ್ಷ ಬಂಗಲೆಯಲ್ಲಿ ನಿಂತವರಿಗೆ ಒಂದು ಲೋಟ ನೀರು ಬೇಕಾ ಅಂತ ಕೇಳಿದವರಿರಲಿಲ್ಲ. ಇಲ್ಲಿ ಕುರ್ಚಿ, ಚಹಾ, ದಿನಪತ್ರಿಕೆ. ಇವರು ಕುರ್ಚಿಯ ಮೇಲೆ ಪತ್ರಿಕೆ ಇಟ್ಟು, ಪಕ್ಕದಲ್ಲಿ ನಿಂತೇ ಇರುತ್ತಿದ್ದರು.

ಆ ಮನೆಯ ಗೇಟು ಮಾತ್ರ ಇವರ ಹೊಟ್ಟೆ ಉರಿಸಿತು. ಎದೆಯೆತ್ತರದ ಒಂಟಿ ಬಾಗಿಲಿನ ಕಬ್ಬಿಣದ ಗೇಟು, ಮುಂದೆ ತಗಡು ಹೊಡೆದದ್ದು, ಮೈತುಂಬ ತುಕ್ಕು. ತೆಗೆದರೆ ಬೀದಿಯೆಲ್ಲ ಎದ್ದು ಕೂರುವಂತೆ ಕಿರುಚುತ್ತಿತ್ತು. ಗೇಟಪ್ಪನಾದವರಿಗೆ ಇದನ್ನು ಸಹಿಸಲಾದೀತೆ? ಮಾರನೆಯ ದಿನವೇ ಮನೆಯಿಂದ ಉಪ್ಪುಕಾಗದ ತೆಗೆದುಕೊಂಡು ಹೋದರು. ನನ್ನ ಮಷೀನಿನ ಎಣ್ಣೆ ಬುಡ್ಡಿಯೂ ಮಾಯವಾಯಿತು. ದಿನವಿಡೀ ಉಜ್ಜಿ, ಗೋಡೆಗೆ ಸಿಕ್ಕಿಸಿದ ಕೊಂಡಿಗಳಿಗೆ ಎಣ್ಣೆ ಸುರಿದು, ಗೇಟನ್ನು ಬೆಣ್ಣೆಯಂತೆ ಮಾಡಿಟ್ಟರು. ಕಿರುಬೆರಳಲ್ಲಿ ತಳ್ಳಿದರೂ ಸರ್ರನೆ ತೆರೆಯುತ್ತಿತ್ತು. ಆದರೆ ಒಂದು ಎಡವಟ್ಟಾಗಿತ್ತು. ಸವೆದ ಆ ಕೊಂಡಿಗಳಲ್ಲಿ ಗೇಟನ್ನು ಹಿಡಿದಿಟ್ಟಿದ್ದೇ ತುಕ್ಕು. ಈಗ ಸ್ವಲ್ಪ ಮೇಲಕ್ಕೆತ್ತಿದರೆ ಗೇಟು ಪೂರ್ತಿ ಕೈಗೇ ಬರುತ್ತಿತ್ತು. ಇವರು ದಿನಕ್ಕೊಂದು ಸಲ ಅದನ್ನು ಮತ್ತೆ ಸಿಕ್ಕಿಸಿ, ಯಾರಿಗೂ ಹೇಳದೆ ಸುಮ್ಮನಿದ್ದರು.

ಮುರಿದ ಕೈಯಲ್ಲೂ ವಕೀಲಮ್ಮ ಸಾಲು ಬಿಡಲಿಲ್ಲ. ಸ್ಕೂಟರ್ ಓಡಿಸಲಾಗದ್ದರಿಂದ ಕೇರಿಯ ಹೆಂಗಸರು ಭಾನುವಾರ ಅವರ ಮನೆಗೇ ಬಂದು, ಅಲ್ಲಿಂದ ಎಲ್ಲರೂ ನಡೆದು ಹೋಗುವುದೆಂದಾಯಿತು. ಆ ಭಾನುವಾರ ನಾನು ಇವರಿಗೆ ಊಟದ ಡಬ್ಬಿ ತೆಗೆದುಕೊಂಡು ಹೊರಟಿದ್ದೆ. ಹಾಗಾಗಿ ಬೀದಿಯಲ್ಲಿ ನಡೆದದ್ದೆಲ್ಲ ನಾನೇ ಕಣ್ಣಾರೆ ಕಂಡದ್ದು.

ಬೀದಿಯ ಕೊನೆಯಲ್ಲಿ ಬೆಳಿಗ್ಗೆಯಿಂದಲೇ ಒಂದು ಗುಂಪು ಸೇರಿತ್ತು. ಇವರು ಠಾಣೆಗೆ ಫೋನ್ ಮಾಡಿದರು. "ಗಮನಿಸ್ತಾ ಇದೀವಿ" ಅಂದರಂತೆ ಅಲ್ಲಿಂದ. ನಮ್ಮವರು ಬೀದಿಯ ಆಚೆ ಈಚೆ ಎಲ್ಲ ನೋಡಿ, "ಎಲ್ಲಿಂದ ಗಮನಿಸ್ತಾ ಇದೀರಿ ಸಾರ್? ನನಗೆ ಯಾರೂ ಕಾಣ್ತಾ ಇಲ್ವಲ್ಲಾ" ಅಂತ ಕೇಳಿದರಂತೆ. ಠಾಣೆಯವರು ಫೋನು ಇಟ್ಟುಬಿಟ್ಟರು. ವ್ಯಂಗ್ಯವಾಡುವುದು ಇವರಿಗೆ ಬರುವುದಿಲ್ಲ, ನಿಜಕ್ಕೂ ಹುಡುಕಿದ್ದರು.

ವಕೀಲಮ್ಮ ಮತ್ತು ಹೆಂಗಸರು ಗೇಟು ದಾಟಿ ಬೀದಿಯ ಅರ್ಧಕ್ಕೆ ಬಂದಿದ್ದರು. ನಾನು ಎದುರು ಕಡೆಯಿಂದ ಬರುತ್ತಿದ್ದೆ. ಮೊದಲ ಕಲ್ಲು ಬಿದ್ದದ್ದು ಇಸ್ತ್ರಿ ಅಜ್ಜಿಯ ಭುಜಕ್ಕೆ. ಇಸ್ತ್ರಿ ಅಜ್ಜಿ ಅಂದರೆ ನಮ್ಮವರ ಸಮವಸ್ತ್ರಕ್ಕೆ ಗೆರೆ ಕೂರಿಸಿ ಇಸ್ತ್ರಿ ಮಾಡಿಕೊಡುವ ಕೇರಿಯ ಮುದುಕಿ. ಹೆಂಗಸರು ವಕೀಲಮ್ಮನನ್ನು ನಡುವೆ ಹಾಕಿಕೊಂಡು ಗೋಡೆಗೆ ಒತ್ತಿಕೊಂಡರು. ದೊಣ್ಣೆಯವರು ಓಡಿ ಬರುತ್ತಿದ್ದರು. ನಾನು ಗೇಟಿನ ಕಡೆ ನೋಡಿದೆ. ಇವರು ಎರಡೂ ಕೈಯಲ್ಲಿ ಗೇಟನ್ನು ಬಿಗಿಯಾಗಿ ಹಿಡಿದುಕೊಂಡು, ಬಿಳುಚಿಕೊಂಡು ನಿಂತಿದ್ದರು. ಅಯ್ಯೋ ದೇವರೇ, ಈ ಮನುಷ್ಯ ಇವತ್ತೂ ಅಲ್ಲೇ ನಿಲ್ಲುತ್ತಾರಲ್ಲ ಅನ್ನಿಸಿತು.

ಮರುಗಳಿಗೆ ಇವರು ಓಡಿ ಬರುತ್ತಿದ್ದರು. ಗೇಟಿನ ಸಮೇತ.

ಓಟದಲ್ಲಿ ಕೊನೆ ಬರುವ ಮನುಷ್ಯ, ಅಷ್ಟು ಭಾರದ ಗೇಟನ್ನು ಎದೆಗವಚಿಕೊಂಡು ಬಂದ ವೇಗಕ್ಕೆ ನಾನು ಬಾಯಿ ಮೇಲೆ ಕೈಯಿಟ್ಟುಕೊಂಡೆ. ಹೆಂಗಸರ ಮುಂದೆ ಬಂದು ಗೇಟನ್ನು ನೆಲಕ್ಕೆ ಕುಕ್ಕಿ ನಿಂತರು. ಕಲ್ಲುಗಳು ತಗಡಿಗೆ ಬಿದ್ದು ಢಣ್ ಢಣ್ ಅಂದವು. ನನಗೂ ಆವೇಶ ಬಂದು, ಹೆಂಗಸರ ಹತ್ತಿರಕ್ಕೆ ಓಡಿ ಊಟದ ಡಬ್ಬಿಯನ್ನು ಬೀಸಿ ಒಗೆದೆ. ಅದು ಸೀದಾ ಹೋಗಿ ನಮ್ಮವರ ಬೆನ್ನಿಗೇ ಬಿತ್ತು. ಅವತ್ತಿನ ಗಲಾಟೆಯಲ್ಲಿ ಅವರಿಗೆ ಆದ ಗಾಯ ಅದೊಂದೇ.

ಗುಂಪಿನ ಮುಂದೆ ಇದ್ದವನು ಕೊಳದ ಗುತ್ತಿಗೆದಾರ. ಮುಖಕ್ಕೆ ಬಟ್ಟೆಗಿಟ್ಟೆ ಏನೂ ಇಲ್ಲ, ಹಗಲು ಹೊತ್ತು, ರಾಜಾರೋಷವಾಗಿ ನಿಂತಿದ್ದ. ಇವರನ್ನು ಗುರುತಿಸಿ ನಕ್ಕ. "ಏನ್ ಗೇಟಪ್ಪಾ, ಇಲ್ಲಿದೀಯಾ? ಸ್ವಲ್ಪ ಪಕ್ಕಕ್ಕೆ ಬಾ" ಅಂದ. ಬಂಗಲೆಯಲ್ಲಿ ಕಾರಿನ ಕಿಟಕಿಯಿಂದ ಹೇಳುವ ಧಾಟಿಯಲ್ಲೇ ಹೇಳಿದ. ಇವರು ಪಕ್ಕಕ್ಕೆ ಸರಿಯಲಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಸದ್ದು ಕೇಳಿ ಹೊರಗೆ ಬಂದರು. ಗುಂಪು ಚೆದುರಿತು. ಎಲ್ಲ ಮುಗಿದ ಮೇಲೆ, ಗಮನಿಸುತ್ತಿದ್ದವರ ಜೀಪು ಬಂತು.

"ಬೇಕು ಅಂತ್ಲೇ ಗೇಟ್ ಎತ್ತಿದ್ರಾ, ಇಲ್ಲಾ ಅದಾಗೇ ಕಿತ್ಕೊಂಡು ಬಂತಾ?" ಅಂತ ಅವತ್ತು ರಾತ್ರಿ ನಾನು ಕೇಳಿದ್ದೆ.

"ಅದು ಬಂತು ಕಣೇ. ನಾನೂ ಜೊತೇಲಿ ಬಂದೆ" ಅಂದರು. ಇವತ್ತಿನವರೆಗೂ ಅದಕ್ಕಿಂತ ಹೆಚ್ಚು ಹೇಳಿಲ್ಲ.

ಈ ಸಲ ಸರ್ಕಾರ ಘಟನೆಯನ್ನು 'ಅತಿ ಗಂಭೀರವಾಗಿ' ಪರಿಗಣಿಸಿತು. ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿಯನ್ನು ನೇಮಿಸಿತು. ಕೇರಿಯ ಹೆಂಗಸರು ಗುತ್ತಿಗೆದಾರನ ಹೆಸರು ಹೇಳಿದರು. ಅದು 'ಒಂದು ಕಡೆಯವರ ಮಾತು' ಆಯಿತು. ವಕೀಲಮ್ಮ ಹೇಳಿದ್ದೂ ಒಂದು ಕಡೆಯದೇ. ನಾನು ಹೋಗಿ ಹೇಳಿದರೆ, "ನೀನು ಪೊಲೀಸ್‌ನವನ ಹೆಂಡ್ತಿ ಅಲ್ವಾ, ಮನೆಗೆ ಹೋಗಮ್ಮಾ" ಅಂದರು. ಕೊನೆಗೆ ಎಲ್ಲ ಬಂದು ನಿಂತದ್ದು ಇವರೊಬ್ಬರ ಮಾತಿನ ಮೇಲೆ. ಸಮವಸ್ತ್ರ ತೊಟ್ಟವನು ಕಂಡೆ ಅಂದರೆ ಕೇಸು ನಿಲ್ಲುತ್ತದೆ, ಕಾಣಲಿಲ್ಲ ಅಂದರೆ ಮತ್ತೆ ತಳ್ಳಾಟ.

ವಿಚಾರಣೆಯ ಹಿಂದಿನ ದಿನ ಸಾಹೇಬರು ಇವರನ್ನು ಬಂಗಲೆಗೆ ಕರೆಸಿಕೊಂಡರು. ಕುರ್ಚಿ ಹಾಕಿ ಕೂರಿಸಿ ಚಹಾ ಕೊಟ್ಟರಂತೆ. ಕಲ್ಲಿಗೆ ಹೆದರದವರು ಆ ಕುರ್ಚಿಗೆ ಬೆವತುಹೋದರಂತೆ. "ಅವರೆಲ್ಲ ಮುಖಕ್ಕೆ ಬಟ್ಟೆ ಕಟ್ಕೊಂಡಿದ್ರು, ಅಲ್ವೇನಯ್ಯಾ?" ಅಂದರು ಸಾಹೇಬರು. ಆಮೇಲೆ, ಪಾಪ ಎಷ್ಟು ವರ್ಷದಿಂದ ಪಟ್ಟಿ ಇಲ್ಲದೆ ದುಡಿಯುತ್ತಿದ್ದೀಯ, ಎರಡು ಕೋಣೆಯ ಮನೆಯೊಂದು ಖಾಲಿಯಾಗಿದೆ, ಅಂತ ಬೇರೇನೋ ಮಾತಿನ ಹಾಗೆ ಹೇಳಿದರು.

ಸಂಜೆ ಮನೆಗೆ ಬಂದು ಇದನ್ನು ಹೇಳಿದಾಗ ನಾನು ಏನು ಅಂದೆ ಗೊತ್ತೆ? "ಬಟ್ಟೆ ಕಟ್ಟಿದ್ರು ಅಂತ ಹೇಳ್ಬಿಡಿ" ಅಂದೆ. ಹೌದು, ಅಂದೆ. ಅತ್ತೆಯ ಮಂಚಕ್ಕೂ ಒಲೆಗೂ ನಡುವೆ ಮಷೀನು ತುಳಿದು ನೋಡಿದವರು ಆಮೇಲೆ ನನ್ನನ್ನು ಬೈಯಲಿ. ಕೆಲಸ ಹೋದರೆ ಆ ಒಂದು ಕೋಣೆಯೂ ಹೋಗುತ್ತದೆ, ಮುದುಕಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಇವರು ಬೆಲ್ಟಿನ ಹಿತ್ತಾಳೆ ಉಜ್ಜುತ್ತಾ ಕೂತಿದ್ದರು. ಬೆಲ್ಟನ್ನು ಕೆಳಗಿಟ್ಟು, "ಅವನು ನನಗೆ ಪಕ್ಕಕ್ಕೆ ಬಾ ಅಂದ ಕಣೇ" ಅಂದರು.

"ಅಂದ್ರೆ ಏನೀಗ?"

"ಇಷ್ಟು ವರ್ಷ ಅವನಿಗೆ ಗೇಟ್ ತೆಗ್ದಿದೀನಿ. ಹೊಡಿಯೋಕೆ ಬಂದಾಗಲೂ ತೆಗೀತೀನಿ ಅಂತ ಅಂದ್ಕೊಂಡನಲ್ಲ. ನನ್ನ ಏನಂತ ತಿಳ್ಕೊಂಡಿದಾನೆ ಅವನು?"

ಈ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಾಹೇಬರಿಗೆ ಏನು ಹೇಳಿ ಬಂದಿರಿ ಅಂತ ಕೇಳಿದೆ. "ಚಹಾ ಚೆನ್ನಾಗಿದೆ ಸಾರ್ ಅಂದೆ" ಅಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ವಿಚಾರಣೆ ನಡೆದದ್ದು ನಗರಸಭೆಯ ಸಭಾಂಗಣದಲ್ಲಿ. ಗೋಡೆಯುದ್ದಕ್ಕೂ ಹಳೇ ಬೀರುಗಳು, ಮೇಲೆ ಗಡಗಡ ಅನ್ನುವ ಫ್ಯಾನು. ಮುಂದಿನ ಸಾಲಿನಲ್ಲಿ ಸಾಹೇಬರು, ಅವರ ಪಕ್ಕದಲ್ಲೇ ಗುತ್ತಿಗೆದಾರ ಕಾಲ ಮೇಲೆ ಕಾಲು ಹಾಕಿಕೊಂಡು. ಕೇರಿಯವರು ಹಿಂದೆ ನಿಂತಿದ್ದರು. ವಕೀಲಮ್ಮ ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ನಿನಗೆ ಗೇಟಿನಲ್ಲಿ ನಿಲ್ಲೋಕೆ ಹೇಳಿತ್ತು ಅಲ್ವಾ?" ವಿಚಾರಣಾಧಿಕಾರಿ ಶುರು ಮಾಡಿದರು.

"ಹೌದು ಸಾರ್."

"ಘಟನೆ ನಡೆದಿದ್ದು ಬೀದಿಯಲ್ಲಿ. ನೀನು ಅಲ್ಲಿದ್ದೆಯಾ?"

"ಇದ್ದೆ ಸಾರ್."

"ಅಂದ್ರೆ ಗೇಟ್ ಬಿಟ್ಟು ಹೋಗಿದ್ದೆ."

"ಇಲ್ಲ ಸಾರ್. ಗೇಟು ಕೈಯಲ್ಲೇ ಇತ್ತು."

ಹಿಂದಿನವರು ಘೊಳ್ಳನೆ ನಕ್ಕರು. ಅಧಿಕಾರಿ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು, ಅವರೂ ನಕ್ಕಿರಬೇಕು. ಸಾಹೇಬರು ಮಾತ್ರ ನಗಲಿಲ್ಲ.

"ಸರಿ. ಹೊಡೆಯೋಕೆ ಬಂದವರ ಮುಖ ಕಂಡಿತಾ? ಬಟ್ಟೆ ಕಟ್ಟಿದ್ರು ಅಂತ ನನಗೆ ಮಾಹಿತಿ ಇದೆ."

ಇವರು ಸಾಹೇಬರ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಹಿಂದಿನ ದಿನ ಅಷ್ಟೆಲ್ಲ ಬಾಯಿ ಮಾಡಿದವಳು, ಆಗ ತಲೆ ತಗ್ಗಿಸಿಬಿಟ್ಟೆ. ಹೇಳಿ ಅನ್ನಲೂ ಬೇಡ ಅನ್ನಲೂ ನನ್ನ ಕೈಲಾಗಲಿಲ್ಲ.

"ಬಟ್ಟೆ ಇರ್ಲಿಲ್ಲ ಸಾರ್" ಅನ್ನುವ ದನಿ ಕೇಳಿಸಿತು. "ಮುಂದೆ ನಿಂತಿದ್ದವರು ಇವರೇ, ಕೊಳದ ಗುತ್ತಿಗೆದಾರರು. ಗೇಟಪ್ಪಾ, ಪಕ್ಕಕ್ಕೆ ಬಾ ಅಂತಾನೂ ಅಂದ್ರು. ಅವರಿಗೆ ನನ್ನ ಗುರುತು ಸಿಕ್ತು, ನನಗೆ ಅವರ ಗುರುತು ಸಿಗ್ಲಿಲ್ಲ ಅಂದ್ರೆ ಹೇಗೆ ಸಾರ್?"

ಗುತ್ತಿಗೆದಾರ ಕಾಲು ಕೆಳಗಿಳಿಸಿದ. ನನ್ನ ಎರಡು ಕೋಣೆಯ ಮನೆ ಆ ಫ್ಯಾನಿನ ಗಾಳಿಗೆ ಹಾರಿಹೋದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆದರೂ ಎದೆ ಉಬ್ಬಿ ಬಂತು. ಇವರು ನನ್ನ ಯಜಮಾನರು ಅಂತ ಕೂಗಿ ಹೇಳೋಣ ಅನ್ನಿಸಿತು. ವಕೀಲಮ್ಮ ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲಾಗದೆ ನನ್ನ ತೊಡೆಗೇ ಪಟಪಟ ಬಾರಿಸಿದರು. ಇವರು ಅಧಿಕಾರಿಗೊಂದು ಸಲಾಮು ಹೊಡೆದು, ಹಿಂದೆ ತಿರುಗಿ ವಕೀಲಮ್ಮನಿಗೂ ಒಂದು ಹೊಡೆದು, ಬಾಗಿಲ ಬಳಿ ಹೋಗಿ ನಿಂತುಕೊಂಡರು.

ವಿಚಾರಣೆಯ ವರದಿಯಲ್ಲಿ ಕಡೆಗೂ ತಳ್ಳಾಟವೇ ಬಂತು. ಸರ್ಕಾರದ ವರದಿ ಅಷ್ಟು ಸುಲಭಕ್ಕೆ ದಾರಿ ತಪ್ಪುತ್ತದೆಯೆ? ಆದರೆ ಪೊಲೀಸನೊಬ್ಬ ಎಲ್ಲರೆದುರು ಆಡಿದ ಮಾತನ್ನು ನುಂಗುವುದು ಅವರಿಗೆ ಆಗಲಿಲ್ಲ. ವಕೀಲಮ್ಮ ಅದನ್ನೇ ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋದರು. ಗುತ್ತಿಗೆದಾರ ಸ್ವಲ್ಪ ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ, ಕೇಸು ಇನ್ನೂ ನಡೆಯುತ್ತಿದೆ. ಕೊಳ ಮಾತ್ರ ಅವನ ಕೈತಪ್ಪಿತು. ಯಾರನ್ನೂ ತಡೆಯಬಾರದು, ಬಾಗಿಲಲ್ಲಿ ಪೊಲೀಸರಿರಬೇಕು ಅಂತ ನ್ಯಾಯಾಧೀಶರು ಆದೇಶ ಮಾಡಿದರು.

ಸಾಹೇಬರು ಇವರನ್ನು ಕೆಲಸದಿಂದ ತೆಗೆಯಲು ದಾರಿ ಕಾಣದೆ, "ಗೇಟು ಅಂದ್ರೆ ಅಷ್ಟು ಪ್ರೀತಿ ಅಲ್ವಾ? ಹೋಗು, ಆ ಕೊಳದ ಗೇಟಲ್ಲೇ ನಿಂತು ರಿಟೈರ್ ಆಗು" ಅಂತ ಅಲ್ಲಿಗೆ ಎಸೆದರು. ಮೂರು ಪಟ್ಟಿಯ ಆಸೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಅತ್ತೆ ಮಾತ್ರ, "ದೊಡ್ಡ ಗೇಟಾ ಅದು?" ಅಂತ ಕೇಳಿ, ಹೌದು ಅಂದಾಗ ಸಮಾಧಾನಪಟ್ಟರು.

ಮೊದಲ ಭಾನುವಾರ ನಾನೂ ನೋಡಲು ಹೋದೆ. ಇವರು ಬೆಳಗಾಗುವ ಮೊದಲೇ ಹೋಗಿ ಗೇಟನ್ನು ಪೂರ್ತಿ ತೆರೆದು, ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ಕೇರಿಯವರು ಸಾಲಾಗಿ ಬಂದರು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಟಿಕೆಟ್ಟು. ಬಂದವರು ತೆರೆದ ಗೇಟಿನ ಮುಂದೆ ಗಕ್ಕನೆ ನಿಂತುಬಿಟ್ಟರು. ಯಾರೂ ತಡೆಯುತ್ತಿರಲಿಲ್ಲ, ಆದರೂ ಒಬ್ಬರೂ ಹೆಜ್ಜೆ ಮುಂದಿಡಲಿಲ್ಲ. ನೀರು ಬದಲಾಯಿಸುತ್ತಿದ್ದೇವೆ ಅಂತ ಯಾರಾದರೂ ಹೇಳಲಿ, ವಾಪಸು ಹೋಗೋಣ ಅಂತ ಕಾಯುತ್ತಿರುವ ಹಾಗೆ ನಿಂತಿದ್ದರು. ಸಾಲಿನ ಹಿಂದಿದ್ದ ವಕೀಲಮ್ಮನಿಗೂ ಆ ಹೊತ್ತು ನಗು ಬರಲಿಲ್ಲ.

"ಬನ್ನಿ" ಅಂದರು ಇವರು.

ಎಲ್ಲರಿಗಿಂತ ಮುಂದಿದ್ದ ಇಸ್ತ್ರಿ ಅಜ್ಜಿ ಹಿಂದೆ ತಿರುಗಿ ನೋಡಿದಳು, ಯಾರೋ ದೊಡ್ಡವರು ಬರುತ್ತಿರಬೇಕು ಅಂತ ಪಕ್ಕಕ್ಕೆ ಸರಿದಳು. "ಯಾರನ್ನ ಕರೀತಿದೀಯಪ್ಪಾ?"

"ನಿಮ್ಮನ್ನೇ ಅಜ್ಜೀ."

ಅಜ್ಜಿ ಗೇಟಿನೊಳಗೆ ಒಂದು ಹೆಜ್ಜೆ ಇಟ್ಟಳು. ಅಲ್ಲೇ ನಿಂತು ಇವರ ಮುಖ ನೋಡಿದಳು. "ಇನ್ನೂ ಒಳಗೆ ಹೋಗ್ಬಹುದಾ?"

"ನೀರು ಸಿಗೋವರೆಗೂ ಹೋಗಿ ಅಜ್ಜೀ" ಅಂದರು ನಮ್ಮ ಯಜಮಾನರು.